ನನ್ನ ಬೆಂಚಿನ ಮೇಲೆ ಒಂದು ನಿವೃತ್ತಿ

ಬಾಳಗೊಂಡ ಅಣ್ಣಾ ವ್ಯಾಪಾರ ಬಿಟ್ಟು ಹಾಯಾಗಿ ಕೂತರು ಎಂದು ಗಡಹಿಂಗ್ಲಜ ಪೇಟೆಯಲ್ಲಿ ಈಗಲೂ ಹೊಗಳುತ್ತಾರೆ. ಕೂತದ್ದು ನಿಜ. ಎಲ್ಲಿ ಕೂತರು ಎಂಬುದನ್ನು ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಅವರು ಕೂತದ್ದು ನನ್ನ ಹೊಲಿಗೆ ಅಂಗಡಿಯ ಬೆಂಚಿನ ಮೇಲೆ. ಅಳತೆ ಕೊಡಲು ಬಂದ ಗಿರಾಕಿ ತುಸು ಹೊತ್ತು ಕೂಡಲಿ ಎಂದು ನಾನು ಮಾಡಿಸಿದ್ದ ಬೆಂಚು ಅದು. ಅದರ ಮೇಲೆ ಒಬ್ಬ ಮನುಷ್ಯ ತನ್ನ ಇಳಿವಯಸ್ಸನ್ನೇ ಕಳೆಯಲು ಬರುತ್ತಾನೆ ಎಂದು ನನಗೆ ಕನಸು ಬಿದ್ದಿದ್ದರೆ ಬೆಂಚನ್ನು ಅಂದೇ ಒಡೆದು ಒಲೆಗೆ ಹಾಕುತ್ತಿದ್ದೆ.

ನನ್ನ ಹೆಸರು ದುಂಡಪ್ಪ. ನನ್ನ ಅಂಗಡಿಗೂ ಅಣ್ಣಾರ ಮೆಣಸಿನಕಾಯಿ ಅಡತಿಗೂ ನಡುವೆ ಎತ್ತಿನ ಗಾಡಿಯೊಂದು ಹಾಯುವಷ್ಟು ರಸ್ತೆ. ಮನೆಗಳಿಗಂತೂ ನಡುವೆ ಗೋಡೆಯೊಂದೇ. ಸುತ್ತಲಿನ ಹಳ್ಳಿಗಳ ರೈತರು ತಂದ ಮೆಣಸಿನಕಾಯಿಯನ್ನು ಕೊಲ್ಹಾಪುರ, ಇಚಲಕರಂಜಿಯ ವ್ಯಾಪಾರಿಗಳಿಗೆ ಮಾರಿಸಿಕೊಡುವುದು ಅಣ್ಣಾರ ದಂಧೆ. ಮನುಷ್ಯ ಒಳ್ಳೆಯವರು. ಕೆಟ್ಟವರಾಗಿದ್ದರೆ ಹೊರಗೆ ಹಾಕಿ ಬಾಗಿಲು ಹಾಕಿಕೊಳ್ಳಬಹುದಿತ್ತು.

ಅಂಗಡಿ ಬಿಡುವ ಮಾತನ್ನು ಅವರು ವರ್ಷಗಟ್ಟಲೆ ಆಡಿದರು. ರಾಜ್ಯಗಳನ್ನು ಹೊಸದಾಗಿ ಹಂಚುವಾಗ, "ನಾವು ಮೈಸೂರಿನವರೋ ಮುಂಬೈಯವರೋ ಅನ್ನೂದು ಒಂದು ಸಲ ಗಟ್ಟಿ ಆಗ್ಲಿ ದುಂಡಪ್ಪಾ, ಬಿಟ್ಟು ಬಿಡ್ತೀನಿ" ಎಂದರು. ಅದು ಗಟ್ಟಿಯಾಯಿತು. ಆಣೆ ಹೋಗಿ ನಯಾ ಪೈಸೆ ಬಂತು. ಹುಡುಗನಿಗೆ ಹೊಸ ಲೆಕ್ಕ ಕೈಗೆ ಹತ್ತಲಿ ಎಂದರು. ಹುಡುಗ ಎಂದರೆ ಮಗ ಪಾರೀಸ. ಅವನಿಗೆ ಆಗಲೇ ಎರಡು ಮಕ್ಕಳು, ನೆತ್ತಿಯ ಮೇಲಿನ ಕೂದಲು ಬೇರೆ ಹೋಗಿತ್ತು. ಪೈಸೆಯ ಲೆಕ್ಕವನ್ನು ಅವನು ಕಲಿತು, ಅಪ್ಪನಿಗೂ ಕಲಿಸಿದ. ಅಷ್ಟರಲ್ಲಿ ಸೇರು, ಮಣ ಹೋಗಿ ಕಿಲೋ ಬಂತು. ಕಿಲೋ ಊರಿಗೆ ರೂಢಿಯಾಗಲಿ ಎಂದರು. ಸರಕಾರಕ್ಕೆ ಬುದ್ಧಿ ಇದ್ದಿದ್ದರೆ ಏನನ್ನೂ ಬದಲಿಸದೆ ಎರಡು ವರ್ಷ ಸುಮ್ಮನಿದ್ದು, ಈ ಮನುಷ್ಯ ಏನು ನೆಪ ಹೇಳುತ್ತಾರೆ ಎಂದು ನೋಡಬಹುದಿತ್ತು.

ಈ ನೆಪಗಳಿಗೆಲ್ಲ ಬೆಲೆ ತೆರುತ್ತಿದ್ದವರು ಬೇರೆಯೇ ಒಬ್ಬರು. ಅವರು ಅಣ್ಣಾರ ಹೆಂಡತಿ, ನಾವೆಲ್ಲ ಅತ್ತಿಗೆ ಎಂಬ ಅರ್ಥದಲ್ಲಿ ವೈನಿ ಎನ್ನುವ ಜಿನಮತಿ ವೈನಿ. ಸಂಗತಿ ನನ್ನ ಹೆಂಡತಿ ಬಾಳಕ್ಕನ ಮೂಲಕ ನನಗೆ ತಿಳಿದದ್ದು.

ಅಣ್ಣಾರದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ. ಗಂಡ ಮನೆಗೆ ಬಂದು ಉಂಡೇಳುವ ತನಕ ಹೆಂಡತಿ ತಾಟಿನ ಮುಂದೆ ಕೂಡಬಾರದೆಂದು ವೈನಿಯ ಅತ್ತೆ ಹಾಕಿಕೊಟ್ಟ ಇನ್ನೊಂದು ಕಟ್ಟು. ಎರಡೂ ಬೇರೆ ಬೇರೆಯಾಗಿ ನೋಡಿದರೆ ಒಳ್ಳೆಯವೇ. ಆದರೆ ಸಂತೆಯ ದಿನ ಅಣ್ಣಾ ಕೊಲ್ಹಾಪುರದ ವ್ಯಾಪಾರಿಗಳ ಜೊತೆ ಹಗಲಿರುವಾಗಲೇ ಅಂಗಡಿಯಲ್ಲಿ ಚುರಮುರಿ, ಬಾಳೆಹಣ್ಣು, ಮಜ್ಜಿಗೆ ಮುಗಿಸಿ, ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದರು. "ನಂದು ಅಲ್ಲೇ ಆತು. ನಿಂದು?" ಎಂದು ಕೇಳುತ್ತಿದ್ದರು. "ನಂದೂ ಆತ್ರಿ" ಎನ್ನುತ್ತಿದ್ದರು ವೈನಿ. ಆಗಿರುತ್ತಿರಲಿಲ್ಲ. ಮಾಡಿದ ರೊಟ್ಟಿ ಮರುದಿನ ಎಮ್ಮೆಗೆ ಹೋಗುತ್ತಿತ್ತು. ಸುಗ್ಗಿಯಲ್ಲಿ ಗಾಡಿಗಳು ದಿನವೂ ಬರುವಾಗ ಈ ಸಂಜೆಯ ಉಪವಾಸ ವಾರದಲ್ಲಿ ಹಲವು ಸಲ ನಡೆಯುತ್ತಿತ್ತು. ಮದುವೆಯಾದಂದಿನಿಂದ ಹೀಗೇ.

"ಹೇಳಬಾರದ ಏನು ಆ ಮನಶ್ಯಾಗ?" ಎಂದು ನಾನು ಸಿಟ್ಟಿಗೆದ್ದಾಗ ಬಾಳಕ್ಕ ನನ್ನ ಬಾಯಿಗೆ ಬೀಗ ಹಾಕಿದಳು. "ನಿಮ್ಮ ಬಾಯಿಂದ ಒಂದು ಮಾತು ಹೋತಂದ್ರ ನನ್ನ ಮ್ಯಾಲ ಆಣಿ ಐತ್ರಿ. ವೈನಿ ಹಾಕ್ಯಾರ. ಅಂಗಡಿ ಬಿಟ್ಟಮ್ಯಾಲ ಹೊತ್ತು ಇರೂದ್ರಾಗ ಇಬ್ಬರೂ ಕೂಡಿ ಉಣ್ಣೂಣು ಅಂತ ಅಣ್ಣಾರು ಮಾತು ಕೊಟ್ಟಾರಂತ. ಅಲ್ಲೀ ಮಟಾ ಹೆಂಗರೆ ನಡೀತೈತಿ ಅಂತಾರ."

ಜಗತ್ತಿನಲ್ಲಿ ಜನ ನಿವೃತ್ತಿಯಾದ ಮೇಲೆ ಕಾಶಿಗೆ ಹೋಗುತ್ತಾರೆ, ಹೊಸ ಮನೆ ಕಟ್ಟಿಸುತ್ತಾರೆ. ವೈನಿ ಆ ನಿವೃತ್ತಿಯಿಂದ ಬಯಸಿದ್ದು ಹಗಲಿನಲ್ಲಿ ಎರಡು ರೊಟ್ಟಿ.

ಅರವತ್ತಮೂರನೇ ಇಸವಿಯಲ್ಲಿ ನಮ್ಮೂರ ಬಸದಿಯಲ್ಲಿ ಮುನಿಗಳೊಬ್ಬರು ಚಾತುರ್ಮಾಸಕ್ಕೆ ನಿಂತರು. ಮಳೆಗಾಲ ಮುಗಿದು ಅವರು ಹೊರಡುವ ಮುಂಚೆ ಶ್ರಾವಕರು ಒಬ್ಬೊಬ್ಬರಾಗಿ ಎದ್ದು ಏನಾದರೊಂದನ್ನು ಬಿಡುವ ನೇಮ ಹಿಡಿಯುವುದು ಪದ್ಧತಿ. ನೆರೆಯವನೆಂದು ನಾನೂ ಹೋಗಿ ಹಿಂದೆ ಕಂಬಕ್ಕೆ ಆತು ಕೂತಿದ್ದೆ. ಯಾರೋ ಬಟಾಟಿ ಬಿಟ್ಟರು, ಯಾರೋ ಉಳ್ಳಾಗಡ್ಡಿ ಬಿಟ್ಟರು. ಅಣ್ಣಾರ ಪೈಪೋಟಿಯ ಅಡತಿಯವರಾದ ದಾದಾಸಾಹೇಬರು ಎದ್ದು ಆಜೀವ ಬದನೆಕಾಯಿ ಬಿಟ್ಟೆ ಎಂದಾಗ ಬಸದಿ ತುಂಬ ಜಯಕಾರ. ದಾದಾಸಾಹೇಬರಿಗೆ ಬದನೆಕಾಯಿ ತಿಂದರೆ ಮೈಯೆಲ್ಲ ತುರಿಕೆ ಏಳುತ್ತದೆಂದು ಊರಿಗೇ ಗೊತ್ತು. ಆದರೂ ಜಯಕಾರ ಜಯಕಾರವೇ. ಅದು ಅಣ್ಣಾರಿಗೆ ತಡೆಯದಾಯಿತು.

ತಟ್ಟನೆ ಎದ್ದು ನಿಂತು, "ಮಹಾರಾಜ್, ಬರೂ ದೀಪಾವಳಿ ಪಾಡ್ಯಾದಿಂದ ನಾ ನಮ್ಮ ಅಂಗಡಿ ಮೆಟ್ಟಲಾ ತುಳಿಯೂದಿಲ್ರಿ" ಎಂದರು.

ಮುನಿಗಳು ಶಾಂತವಾಗಿ, "ಎಷ್ಟು ಕಾಲದ ನೇಮ?" ಎಂದು ಕೇಳಿದರು.

ಅಣ್ಣಾ ಒಂದು ವರ್ಷ ಎನ್ನಬೇಕೆಂದಿದ್ದರಂತೆ. ಆಮೇಲೆ ನನ್ನ ಮುಂದೆ ಒಪ್ಪಿಕೊಂಡರು. ಆದರೆ ದಾದಾಸಾಹೇಬರು ಅವರತ್ತ ತಿರುಗಿ ನೋಡುತ್ತಿದ್ದರು. "ಆಜೀವ" ಎಂದುಬಿಟ್ಟರು. ಬದನೆಕಾಯಿಗಿಂತ ದೊಡ್ಡ ಜಯಕಾರವಾಯಿತು. ಹೆಂಗಸರ ಸಾಲಿನಲ್ಲಿ ವೈನಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ನಾನೂ ಗಂಟಲು ಹರಿಯುವ ಹಾಗೆ ಜಯಕಾರ ಕೂಗಿದೆ. ಆ ಗಂಟಲನ್ನು ಮುಂದೆ ಮೆಣಸಿನಕಾಯಿಯ ಘಾಟು ಕಟ್ಟಲಿದೆ ಎಂದು ಆಗ ಗೊತ್ತಿರಲಿಲ್ಲ.

ಪಾಡ್ಯದ ದಿನ ಪಾರೀಸ ಅಂಗಡಿಯ ಗಾದಿಗೆ ಪೂಜೆ ಮಾಡಿ ಕೂತ. ವೈನಿ ಮಧ್ಯಾಹ್ನವೇ ಹೋಳಿಗೆಗೆ ಬೇಳೆ ಬೇಯಿಸಲಿಟ್ಟಿದ್ದರು. ಅಣ್ಣಾ ಹೊಸ ಧೋತರ ಉಟ್ಟು, ಇಸ್ತ್ರಿ ಮಾಡಿದ ಟೋಪಿ ಹಾಕಿಕೊಂಡು ನನ್ನ ಅಂಗಡಿಗೆ ಬಂದರು.

"ಸುಮ್ನ ಬಂದೆ ದುಂಡಪ್ಪಾ. ಇನ್ನ ನನಗೇನು ಕೆಲಸ ಐತಿ?"

"ಕೂಡ್ರಿ ಅಣ್ಣಾರ" ಎಂದೆ. ನನ್ನ ಜನ್ಮದಲ್ಲಿ ನಾನು ಆಡಿದ ಮಾತುಗಳಲ್ಲಿ ಇಷ್ಟು ನಷ್ಟ ಮಾಡಿದ ಮಾತು ಮತ್ತೊಂದಿಲ್ಲ.

ಮೊದಲ ದಿನ ಅವರು ಬರೀ ನೋಡಿದರು. ಎರಡನೆಯ ದಿನ ಕೆಮ್ಮಿದರು. ಪಾರೀಸ ದರ ಹೇಳುವ ಹೊತ್ತಿಗೆ ಸರಿಯಾಗಿ ಕೆಮ್ಮು ಬರುತ್ತಿತ್ತು. ಒಂದು ವಾರದೊಳಗೆ ಟೋಪಿ ತೆಗೆದರೆ ಕೊಡಬೇಡ, ತಲೆ ಕೆರೆದರೆ ಇನ್ನೊಂದು ಸ್ವಲ್ಪ ಎಳೆ, ಕಾಲ ಮೇಲೆ ಕಾಲು ಹಾಕಿದರೆ ಬಿಟ್ಟುಕೊಡು ಎಂದು ರಸ್ತೆಯ ಈಚೆಯಿಂದ ಆಚೆಗೆ ಸನ್ನೆಗಳು ಹೋಗತೊಡಗಿದವು. ಕೆಲ ದಿನಗಳಲ್ಲಿ ರೈತರಿಗೂ ಅವು ತಿಳಿದವು. ಅವರು ಗಾದಿಯ ಮೇಲಿದ್ದ ಪಾರೀಸನಿಗೆ ಬೆನ್ನು ಹಾಕಿ, ನನ್ನ ಬೆಂಚಿನ ಕಡೆ ಮುಖ ಮಾಡಿ ನಿಲ್ಲಹತ್ತಿದರು. ಒಮ್ಮೆ ಅಣ್ಣಾರಿಗೆ ನಿಜವಾಗಿಯೂ ತಲೆ ತುರಿಸಿತು. ಕೆರೆದುಕೊಂಡದ್ದಕ್ಕೆ ಒಂದು ಗಾಡಿ ಮಾಲು ಕೈತಪ್ಪಿ ದಾದಾಸಾಹೇಬರ ಅಡತಿಗೆ ಹೋಯಿತು.

ಆಗ ಸನ್ನೆ ಬಿಟ್ಟು ವ್ಯಾಪಾರಿಗಳನ್ನೇ ಬೆಂಚಿಗೆ ಕರೆದರು. ನಮ್ಮ ಪೇಟೆಯಲ್ಲಿ ಮೆಣಸಿನಕಾಯಿಯ ದರವನ್ನು ಬಾಯಿಂದ ಹೇಳುವ ಪದ್ಧತಿ ಇರಲಿಲ್ಲ. ಇಬ್ಬರೂ ಬಲಗೈ ಕೂಡಿಸಿ, ಮೇಲೊಂದು ಬಟ್ಟೆ ಹೊದಿಸಿ, ಅದರ ಕೆಳಗೆ ಬೆರಳು ಒತ್ತಿ ದರ ಕೇಳುವುದು, ಬೆರಳು ಒತ್ತಿಯೇ ಉತ್ತರ ಕೊಡುವುದು. ಒಮ್ಮೆ ಕೈ ಕೊಟ್ಟರೆ ದರ ಕುದುರುವ ತನಕ ಹಿಂದೆ ತೆಗೆಯುವಂತಿಲ್ಲ. ತೆಗೆದರೆ ಎದುರಿನವನ ಮುಖಕ್ಕೆ ಉಗುಳಿದ ಹಾಗೆ. ಚೇಳು ಕಾಲ ಮೇಲೆ ಹರಿದಾಡಿದರೂ ಅಣ್ಣಾ ಕೈ ತೆಗೆದಿರಲಿಲ್ಲ ಎಂದು ಪೇಟೆಯವರು ಹೇಳುತ್ತಾರೆ. ಆ ಚೇಳನ್ನು ಕಂಡವರು ಯಾರೂ ನನಗೆ ಸಿಕ್ಕಿಲ್ಲ. ಹೊದಿಸುವ ಬಟ್ಟೆ ಮಾತ್ರ ನನ್ನದು. ಯಾರದೋ ಪಾಯಿಜಾಮದ ಬಟ್ಟೆ, ಯಾರದೋ ಅಂಗಿಯ ಅರಿವೆ, ಕೈಗೆ ಸಿಕ್ಕದ್ದನ್ನು ಎಳೆದುಕೊಳ್ಳುತ್ತಿದ್ದರು. ಮೆಣಸಿನಕಾಯಿ ಮುಟ್ಟಿದ ಕೈಗಳು. ಮಹಾಗಾಂವದ ಒಬ್ಬ ಮದುಮಗ ನನ್ನ ಹತ್ತಿರ ಹೊಲಿಸಿದ ಅಂಗಿ ತೊಟ್ಟು ಅಕ್ಷತೆಗೆ ನಿಂತವನು ಕುತ್ತಿಗೆ ಉರಿ ತಾಳಲಾರದೆ ಮಂಟಪದಲ್ಲೇ ಅಂಗಿ ಕಳಚಿದ. ಆ ಊರಿನಿಂದ ನನಗೆ ಮತ್ತೊಬ್ಬ ಗಿರಾಕಿ ಬರಲಿಲ್ಲ.

ಇದರಿಂದ ನೇಮ ಮುರಿಯಿತೋ ಇಲ್ಲವೋ ಎಂದು ಬಸದಿಯಲ್ಲಿ ಚರ್ಚೆಯೂ ಆಯಿತು. ಅಂಗಡಿಯ ಮೆಟ್ಟಿಲಿಗೆ ಪಾದ ತಗಲಿಲ್ಲವಾದ್ದರಿಂದ ನೇಮ ಅಖಂಡವಾಗಿದೆ ಎಂದು ಹಿರಿಯರು ತೀರ್ಪು ಕೊಟ್ಟರು. ನನ್ನ ಅಂಗಡಿಯ ಮೆಟ್ಟಿಲಿನ ಬಗ್ಗೆ ಯಾರೂ ಕೇಳಲಿಲ್ಲ.

ಒಂದು ದಿನ ನಾನೇ ಬೆಂಚಿನ ಒಂದು ಕಾಲು ಸಡಿಲಿಸಿಟ್ಟೆ. ಅಣ್ಣಾ ಬಂದು ಕೂತರು, ಬೆಂಚು ಒಂದು ಕಡೆ ವಾಲಿತು. ಅವರು ಬೇಸರಪಡಲಿಲ್ಲ. ಮರುದಿನ ಬಡಿಗನನ್ನು ಕರೆಸಿ, ಸಾಗವಾನಿಯ ಹೊಸ ಬೆಂಚು ಮಾಡಿಸಿ ನನಗೆ ಕೊಡುಗೆಯಾಗಿ ಕೊಟ್ಟರು. ಅದಕ್ಕೆ ಬೆನ್ನಿಗೆ ಆಸರೆಯೂ ಇತ್ತು. ಪಾರೀಸ ಸಂಜೆ ಬಂದು ಅದನ್ನು ಮುಟ್ಟಿ ನೋಡಿ ನಿಟ್ಟುಸಿರುಬಿಟ್ಟ.

"ಕಾಕಾ, ಅಪ್ಪ ಒಳಗ ಕುಂತಾಗ ಒಂದ ಸಲಾ ಬೈತಿದ್ದ. ಈಗ ರಸ್ತೆದಾಗಿನ ಮಂದಿ ಎಲ್ಲಾ ಕೇಳೂ ಹಂಗ ಬೈತಾನ" ಎಂದ.

ವೈನಿಯ ಕಥೆ ಇದ್ದಲ್ಲೇ ಇತ್ತು. ಮೊದಲಾದರೆ ಸಂತೆಯ ದಿನ, ಸುಗ್ಗಿಯಲ್ಲಿ ಇನ್ನೆರಡು ದಿನವಷ್ಟೇ ಅಣ್ಣಾ ತಡವಾಗಿ ಬರುತ್ತಿದ್ದರು. ಈಗ ನಿವೃತ್ತರು, ದಿನವೂ ಬಿಡುವೇ, ಹಾಗಾಗಿ ದಿನವೂ ನಾನು ಬಾಗಿಲು ಹಾಕುವ ತನಕ ಕೂಡುತ್ತಿದ್ದರು. ಸುಗ್ಗಿ ಕಾಲ, ಹಗಲು ಚಿಕ್ಕದು. ವೈನಿ ಮೂರು ಗಂಟೆಗೇ ರೊಟ್ಟಿ ಬಡಿಯಲು ಕೂಡುವುದು, ಹೊತ್ತು ಇಳಿದಂತೆ ಬಾಗಿಲಿಗೆ ಬಂದು ನಿಲ್ಲುವುದು, ಕತ್ತಲಾದ ಮೇಲೆ ಒಲೆ ಆರಿಸುವುದು ಎಲ್ಲವೂ ಬಾಳಕ್ಕನಿಗೆ ಗೋಡೆಯ ಈಚೆಯಿಂದಲೇ ಗೊತ್ತಾಗುತ್ತಿತ್ತು. "ಅಂಗಡ್ಯಾಗ ಇದ್ದಾಗನ ಛಲೋ ಇತ್ತು. ವಾರದಾಗ ನಾಕು ದಿನಾರೆ ಉಣತಿದ್ರು" ಎಂದಳು. ನನ್ನ ಬೆಂಚಿನ ಮೇಲೆ ನನಗೇ ಅಸಹ್ಯವಾಯಿತು.

ಆಣೆ ಮುರಿಯದ ಹಾಗೆ ಅಣ್ಣಾರಿಗೆ ಸುತ್ತು ಬಳಸಿ ಹೇಳಿ ನೋಡಿದೆ. "ಹೊತ್ತು ಮುಳಗೂಕಿಂತ ಮದ್ಲ ಮನಿಗೆ ಹೋಗ್ರಿ ಅಣ್ಣಾರ. ವೈನಿ ದಾರಿ ನೋಡ್ತಿರ್ತಾರ."

"ನಂದು ಇಲ್ಲೇ ಆಗತೈತಲ್ಲೋ, ಚುರಮುರಿ ತಿಂತೀನಿ. ಆಕಿದೂ ಆಗಿರತೈತಿ. ನಾ ದಿನಾ ಕೇಳ್ತೀನಿ, ಆತು ಅಂತಾಳ. ಹೆಣ್ತೀನ ದಿನಾ ಉಂಡಿ ಏನು ಅಂತ ಕೇಳೂ ಗಂಡ್ಸು ಈ ಪೇಟ್ಯಾಗ ಯಾರಿದ್ದಾರ ತೋರಸು ನೋಡೂಣು" ಎಂದು ನನಗೇ ಸವಾಲು ಹಾಕಿದರು. ನಾನು ಕತ್ತರಿ ಕೈಗೆ ತೆಗೆದುಕೊಂಡೆ. ಬಟ್ಟೆ ಕತ್ತರಿಸಲಿಕ್ಕೆ.

ಪುಷ್ಯದ ಒಂದು ಸಂತೆಯ ದಿನ. ಕೊಲ್ಹಾಪುರದಿಂದ ಬಾಪೂಸಾಹೇಬರೆಂಬ ದೊಡ್ಡ ವ್ಯಾಪಾರಿ ಬಂದಿದ್ದರು. ಗಾಡಿಗಳು ತಡವಾಗಿ ಬಂದದ್ದರಿಂದ ಅಣ್ಣಾರ ಚುರಮುರಿಗೂ ಪುರಸೊತ್ತಾಗಿರಲಿಲ್ಲ. ಬೆಂಚಿನ ಮೇಲೆ ಇಬ್ಬರೂ ಕೈಗೆ ಕೈ ಕೊಟ್ಟು, ನಾನು ಆಗಷ್ಟೇ ಕತ್ತರಿಸಿದ್ದ ಕೋಟಿನ ಒಳಬಟ್ಟೆಯಾದ ಅಸ್ತರನ್ನು ಕೈಗಳ ಮೇಲೆ ಹೊದಿಸಿಕೊಂಡು ಕೂತಿದ್ದರು. ಬಾಪೂಸಾಹೇಬರು ನಿಧಾನದ ಆಸಾಮಿ. ಒಂದು ಬೆರಳು ಒತ್ತುವುದು, ಊರಿನ ಸುದ್ದಿ ಹೇಳುವುದು, ಮತ್ತೆ ಒತ್ತುವುದು.

ಆಗ ಜಿನಮತಿ ವೈನಿ ರಸ್ತೆ ದಾಟಿ ಬಂದರು. ತಲೆ ತುಂಬ ಸೆರಗು, ಕೈಯಲ್ಲಿ ಬಟ್ಟೆ ಮುಚ್ಚಿದ ಎರಡು ತಾಟು. ಪೇಟೆಯ ನಡುವೆ ಅವರನ್ನು ಸಂತೆಯ ದಿನ ಕಂಡವರೇ ಇರಲಿಲ್ಲ. ಎದುರಿನ ಗಾದಿಯಿಂದ ಪಾರೀಸ ಗಾಬರಿಯಾಗಿ ಎದ್ದು ನಿಂತ.

"ದುಂಡಪ್ಪಣ್ಣ, ತುಸು ನೀರು ಕೊಡ್ತೀರೇನ್ರಿ ಕೈ ತೊಳಕೊಳ್ಳಾಕ?" ಎಂದರು ನನಗೆ.

ತಂಬಿಗೆ ಕೊಟ್ಟೆ. ಕೈ ತೊಳೆದು, ಬೆಂಚಿನ ಆ ತುದಿಯಲ್ಲಿ, ಇಡೀ ಪೇಟೆಗೆ ಕಾಣುವ ಹಾಗೆ ಕೂತರು. ಒಂದು ತಾಟನ್ನು ಗಂಡನ ಪಕ್ಕಕ್ಕಿಟ್ಟರು. ರೊಟ್ಟಿ, ಹೆಸರುಕಾಳಿನ ಪಲ್ಲೆ, ಶೇಂಗಾ ಹಿಂಡಿ, ಮೇಲೆ ತುಪ್ಪ.

"ಏ, ಏನಿದು? ಇದು ಬಜಾರ ಐತಿ" ಎಂದು ಅಣ್ಣಾ ಹಲ್ಲು ಕಚ್ಚಿಕೊಂಡು ಅಂದರು. ಕೈ ಮಾತ್ರ ಅಸ್ತರಿನ ಕೆಳಗೇ ಇತ್ತು.

"ಹೌದ್ರಿ. ಮನ್ಯಾಗ ಕುಂತು ಉಣ್ಣೂಣು ಅಂತ ಭಾಳ ದಾರಿ ನೋಡೇನಿ. ನೀವು ಇಲ್ಲೇ ಇರ್ತೀರಿ, ಅದಕ್ಕ ನಾನ ಇಲ್ಲಿಗೆ ಬಂದೇನಿ. ಹೊತ್ತು ಮುಳಗಾಕತ್ತೈತಿ. ಉಣ್ರಿ."

"ಈ ಸವದಾ ಒಂದು ಮುಗೀಲಿ."

"ಮುಗೀಲ್ರಿ" ಎಂದರು ವೈನಿ. ಗಂಡನ ಮುಖವನ್ನೊಮ್ಮೆ ನೋಡಿದರು, ಅವರು ಕೈ ತೆಗೆಯಬಹುದೋ ಎಂದು ಕಾದರು. ನಾನೂ ಕಾದೆ. ಮಿಷನ್ನಿನ ಮೇಲಿನ ನನ್ನ ಕಾಲು ನಿಂತುಹೋಗಿತ್ತು. ಅಣ್ಣಾರ ಕೈ ಹೊರಗೆ ಬರಲಿಲ್ಲ. ಆಗ ವೈನಿ ತಮ್ಮ ತಾಟಿನ ಮೇಲಿನ ಬಟ್ಟೆ ತೆಗೆದು, ಕಣ್ಣು ಮುಚ್ಚಿ ಒಂದು ಗಳಿಗೆ ಏನೋ ಅಂದುಕೊಂಡು, ಮೊದಲ ತುತ್ತು ಮುರಿದು ಬಾಯಿಗಿಟ್ಟರು. ಗಂಡನಿಗಿಂತ ಮೊದಲು, ಗಂಡನ ಎದುರಿಗೇ. ಅತ್ತೆ ಬದುಕಿದ್ದರೆ ಆ ಬೆಂಚಿನ ಕೆಳಗೇ ಪ್ರಾಣ ಬಿಡುತ್ತಿದ್ದರು.

ಸಂತೆಯ ಮಂದಿ ನಿಂತು ನೋಡಿದರು. ವೈನಿ ಅವಸರ ಮಾಡಲಿಲ್ಲ. ಹಿಂಡಿಗೆ ತುಪ್ಪ ಕಲಸಿಕೊಂಡರು, ರೊಟ್ಟಿಯ ಅಂಚು ಮುರಿದರು, ಚೆನ್ನಾಗಿ ಅಗಿದು ಉಂಡರು. ಉಣ್ಣುವುದನ್ನು ನೋಡಿ ಯಾರಿಗಾದರೂ ಅಳು ಬರುತ್ತದೆಯೇ? ನನಗೆ ಬಂತು. ಘಾಟು ಎಂದು ಹೇಳಿ ಮೂಗು ಒರೆಸಿಕೊಂಡೆ.

ಬಾಪೂಸಾಹೇಬರಿಗೆ ಕನ್ನಡ ಬಾರದು. ಇದು ಈ ಮನೆಯ ಪದ್ಧತಿ ಇರಬೇಕು ಎಂದುಕೊಂಡರೋ ಏನೋ, "ಜೇವಾ ವಹಿನಿ, ಸಾವಕಾಶ ಜೇವಾ" ಎಂದು ಮರಾಠಿಯಲ್ಲಿ, ನಿಧಾನವಾಗಿ ಉಣ್ಣಿರೆಂದು ಅಕ್ಕರೆಯಿಂದ ಅಂದು, ಅಷ್ಟೇ ಸಾವಕಾಶವಾಗಿ ಅಣ್ಣಾರ ಬೆರಳು ಒತ್ತಿದರು. ಅಣ್ಣಾರ ಹಣೆಯ ಮೇಲೆ ಬೆವರು. ಒಂದು ಕಣ್ಣು ತಾಟಿನ ಮೇಲೆ, ಇನ್ನೊಂದು ಬಿಸಿಲಿನ ಮೇಲೆ. ಬಿಸಿಲು ರಸ್ತೆ ಬಿಟ್ಟು ಅಡತಿಯ ಗೋಡೆ ಹತ್ತಿತು, ಗೋಡೆ ಬಿಟ್ಟು ತಗಡು ಹತ್ತಿತು, ತಗಡಿನಿಂದಲೂ ಹೋಯಿತು. ವೈನಿ ನೀರು ಕುಡಿದು ತಂಬಿಗೆ ಕೆಳಗಿಟ್ಟರು.

"ಝಾಲಂ!" ಎಂದರು ಬಾಪೂಸಾಹೇಬರು, ಸವದಾ ಮುಗಿಯಿತೆಂದು ಅಸ್ತರು ಎತ್ತಿದರು. ದರ ಅಣ್ಣಾರಿಗೆ ಬೇಕಾದಷ್ಟೇ ಕುದುರಿತ್ತು. ಬಾಪೂಸಾಹೇಬರು ನಗುನಗುತ್ತ ಗಾಡಿಗಳ ಕಡೆ ಹೋದರು.

ಅಣ್ಣಾ ತಾಟಿನ ಮೇಲಿನ ಬಟ್ಟೆ ಸರಿಸಿ ರೊಟ್ಟಿ ಮುಟ್ಟಿದವರು ಹಾಗೇ ಕೈ ಹಿಂದೆ ತೆಗೆದರು. ತಲೆಯೆತ್ತಿ ಆಕಾಶ ನೋಡಿದರು. ಹೊತ್ತು ಮುಳುಗಿತ್ತು. ಎಂಥ ನೇಮಕ್ಕೂ ಸಂದು ಹುಡುಕಿ ನುಸುಳಬಲ್ಲ ಮನುಷ್ಯನಿಗೆ ಈ ನೇಮದಲ್ಲಿ ಸಂದು ಸಿಗಲಿಲ್ಲ.

"ಮಧ್ಯಾನದಿಂದ ಏನೂ ತಿಂದಿಲ್ಲ" ಎಂದರು, ಯಾರಿಗೆಂದಲ್ಲ. "ಒಂದು ಗುಟುಕು ನೀರರೆ..."

"ನೀರೂ ನಡೆಯೂದಿಲ್ರಿ" ಎಂದರು ವೈನಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹೊಸದಾಗಿ ಗಂಡನ ಮನೆಗೆ ಬಂದ ಹುಡುಗಿಗೆ ಹಿರಿಯಳೊಬ್ಬಳು ಹೇಳಿಕೊಡುವ ಹಾಗೆ ಹೇಳಿದರು. "ಮದ್ಲ ಹೊಟ್ಟಿ ಉರಿದಂಗ ಆಗತೈತಿ. ಅದು ಭಾಳ ಹೊತ್ತು ಇರೂದಿಲ್ಲ. ಆಮ್ಯಾಲ ತಲಿ ಹಿಡೀತೈತಿ, ಗಟ್ಟಿಯಾಗಿ ಅರಿವಿ ಕಟ್ಟಿಕೊಳ್ರಿ. ಮಲಗೂ ಮುಂದ ಅಂಗಾತ ಮಲಗಬ್ಯಾಡ್ರಿ, ಮಣಕಾಲು ಹೊಟ್ಟಿಗೆ ಒತ್ತಿ ಹಿಡಕೊಂಡು ಮಗ್ಗಲಾಗ್ರಿ. ಅಡಗಿ ವಾಸನಿ ಬಂತಂದ್ರ ನಿದ್ದಿ ಬರೂದಿಲ್ಲ, ಅದಕ್ಕ ನಾ ಒಲಿ ಲಗೂನ ಆರಸ್ತೀನಿ."

"ಇದೆಲ್ಲಾ ನಿನಗ ಹೆಂಗ..." ಎಂದು ಕೇಳಹೊರಟ ಅಣ್ಣಾ ಅಲ್ಲಿಗೇ ನಿಂತರು. ನಿಂದೂ ಆತೇನು ಎಂದು ಅಷ್ಟು ವರ್ಷ ಕೇಳಿದ ಪ್ರಶ್ನೆಗೆ ಉತ್ತರ ಅವರಿಗೆ ಈಗ ಸಿಕ್ಕಿತ್ತು. ಮುಖ ಸುಟ್ಟ ಬದನೆಕಾಯಿಯಂತಾಯಿತು. ನನ್ನ ಕಡೆ ತಿರುಗಿದರು, ನನಗೂ ಗೊತ್ತಿತ್ತೇ ಎನ್ನುವ ಹಾಗೆ. ನಾನು ದಾರದ ಉಂಡೆ ಹುಡುಕತೊಡಗಿದೆ.

ರಸ್ತೆಯ ಆಚೆಯಿಂದ ಪಾರೀಸ ಕೈಯೆತ್ತಿ ದರ ಎಷ್ಟಕ್ಕೆ ಕುದುರಿತೆಂದು ಸನ್ನೆಯಿಂದ ಕೇಳುತ್ತಲೇ ಇದ್ದ. ಅಣ್ಣಾ ಅತ್ತ ನೋಡಲಿಲ್ಲ.

ಗಂಡನ ಕಣ್ಣು ತುಂಬಿದ್ದನ್ನು ಕಂಡು ವೈನಿಗೆ ಕೆಡುಕೆನಿಸಿತು. ಖಾಲಿ ತಾಟಿನ ಮೇಲೆ ತುಂಬಿದ ತಾಟು ಇಟ್ಟುಕೊಂಡು ಎದ್ದವರು, ಅವರಿಗೆ ಸಮಾಧಾನ ಹೇಳಿದರು.

"ದಿನಾ ಅಲ್ಲೇಳ್ರಿ. ನೀವು ಅಂಗಡ್ಯಾಗ ಇದ್ದಾಗ ಬರೇ ಸಂತೀ ದಿನಾ, ಮತ್ತ ಸುಗ್ಗ್ಯಾಗ ಅಷ್ಟ."